ನಿಮ್ಮ ಕಥಾನಾಯಕನನ್ನು ಓದುಗರು ನಂಬುತ್ತಿಲ್ಲವೇ? ದೋಷ ಪತ್ತೆಗೊಂದು ಕೈಪಿಡಿ

ಕರಡು ಓದಿದವರು "ನಾಯಕ ತುಂಬಾ ಒಳ್ಳೆಯವನು" ಎಂದಷ್ಟೇ ಹೇಳಿ ಮಾತು ಬದಲಿಸಿದರೆ ಅದನ್ನು ದೂರು ಎಂದೇ ತಿಳಿಯಿರಿ. ಇಂಥ ದೂರು ಕಿವಿಗೆ ಬಿದ್ದ ಕೂಡಲೇ ನಾಯಕನಿಗೆ ಒಂದು ದುರಭ್ಯಾಸವನ್ನೋ, ಮುಂಗೋಪವನ್ನೋ, ಹಳೆಯ ನೋವನ್ನೋ ತಂದು ಹಚ್ಚುವುದು ಬರೆಯುವವರ ರೂಢಿ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಲೋಪವಿಲ್ಲದ ನಾಯಕನನ್ನೂ ಓದುಗ ನಂಬುತ್ತಾನೆ. ಆ ಒಳ್ಳೆಯತನಕ್ಕೆ ಕಥೆಯೊಳಗೆ ಯಾರಾದರೂ ಬೆಲೆ ತೆತ್ತಿರಬೇಕು, ಅಷ್ಟೇ. ಬೆಲೆಯೇ ಇಲ್ಲದ ಕಡೆ ನೀವು ಎಷ್ಟು ದೌರ್ಬಲ್ಯ ಸೇರಿಸಿದರೂ ಪಾತ್ರಕ್ಕೆ ಜೀವ ಬರುವುದಿಲ್ಲ.

ಕೆಳಗಿನ ಪರೀಕ್ಷೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದೆ. ಮೊದಲಿನವು ಒಂದು ಸಂಜೆಯ ಕೆಲಸ, ಕೊನೆಯವು ಕಾದಂಬರಿಯನ್ನೇ ಹೊಸದಾಗಿ ಬರೆಸಬಲ್ಲವು. ಯಾವ ಹಂತದಲ್ಲಿ ತೊಂದರೆ ಸರಿಹೋಯಿತೋ ಅಲ್ಲೇ ನಿಲ್ಲಿಸಿ.

ಶುರು ಮಾಡುವ ಮುನ್ನ

ಈಗಿರುವ ಕರಡಿನ ಫೈಲನ್ನು ದಿನಾಂಕ ಹಾಕಿ ಬೇರೆ ಕಡೆ ಉಳಿಸಿಡಿ, ಅದನ್ನು ಮತ್ತೆ ಮುಟ್ಟಬೇಡಿ. ಕೆಲಸಕ್ಕೆ ಒಂದು ಪ್ರಿಂಟ್ ತೆಗೆದುಕೊಳ್ಳಿ. ಪರದೆಯ ಮೇಲೆ ಕಣ್ಣು ತಪ್ಪಿಸಿಕೊಳ್ಳುವ ಹೊಗಳಿಕೆಗಳು ಕಾಗದದ ಮೇಲೆ ಸಿಕ್ಕಿಬೀಳುತ್ತವೆ. ಎರಡು ಬಣ್ಣದ ಪೆನ್ನು ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಮೇಲೆ ಆ ಅಧ್ಯಾಯವನ್ನು ಪೂರ್ತಿ ಓದಿ. ನಾಲ್ಕು ಕಡೆ ಒಟ್ಟಿಗೆ ತಿದ್ದಿದರೆ ಯಾವುದು ಕೆಲಸ ಮಾಡಿತು, ಯಾವುದು ಹಾಳು ಮಾಡಿತು ಎಂದು ಆಮೇಲೆ ಗೊತ್ತಾಗುವುದಿಲ್ಲ.

ಇದು ನಿಜವಾಗಿಯೂ ದೋಷವೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ನೀವು ಬರೆದಿರುವುದು ಜಾನಪದ ಧಾಟಿಯ ಕಥೆಯೋ, ಚಿಕ್ಕ ಮಕ್ಕಳ ಸಾಹಸವೋ, ದೃಷ್ಟಾಂತವೋ ಆಗಿದ್ದರೆ ನಾಯಕ ಕಳಂಕವಿಲ್ಲದೆ ಇರುವುದೇ ಆ ಪ್ರಕಾರದ ಲಕ್ಷಣ. ಅಲ್ಲಿ ಓದುಗ ನಾಯಕನ ಮನಸ್ಸಿನೊಳಗೆ ಇಣುಕಲು ಬಂದಿರುವುದಿಲ್ಲ, ಮುಂದೇನಾಯಿತು ಎಂದು ಕೇಳಲು ಬಂದಿರುತ್ತಾನೆ. ಅಂಥ ಕಥೆಗೆ ಒಳತೋಟಿ ತುರುಕಿದರೆ ಇದ್ದ ಓಟವೂ ಕೆಡುತ್ತದೆ. ಈ ಕೈಪಿಡಿ ಮನುಷ್ಯರ ನಡುವೆ, ಮನುಷ್ಯನ ಅಳತೆಯಲ್ಲಿ ನಡೆಯುವ ಕಥೆ ಕಾದಂಬರಿಗಳಿಗೆ ಮಾತ್ರ.

ಲಕ್ಷಣ 1: "ಒಳ್ಳೆಯವನೇ, ಆದರೆ ನೆನಪಲ್ಲಿ ಉಳಿಯಲಿಲ್ಲ"

ಮೊದಲ ಮೂರು ಅಧ್ಯಾಯ ತೆಗೆದುಕೊಳ್ಳಿ. ನಿರೂಪಕ ನಾಯಕನ ಬಗ್ಗೆ ಹೇಳಿದ ಪ್ರತಿ ಗುಣವಾಚಕದ ಕೆಳಗೆ ಒಂದು ಬಣ್ಣದಲ್ಲಿ ಗೆರೆ ಎಳೆಯಿರಿ: ಪ್ರಾಮಾಣಿಕ, ಕರುಣಾಳು, ಧೀರ, ನಿಸ್ವಾರ್ಥಿ. ಬೇರೆ ಪಾತ್ರಗಳು ಅವನನ್ನು ಹೊಗಳಿದ ಮಾತುಗಳಿಗೆ ಇನ್ನೊಂದು ಬಣ್ಣ. ಈಗ ಗೆರೆ ಬಿದ್ದದ್ದನ್ನೆಲ್ಲ ಬಿಟ್ಟು ಓದಿ.

ಎರಡು ಬಗೆಯ ಫಲಿತಾಂಶ ಬರಬಹುದು. ಗೆರೆ ಬಿದ್ದ ಮಾತುಗಳಿಲ್ಲದೆಯೂ ಅವನ ಒಳ್ಳೆಯತನ ಕಾಣುತ್ತಿದ್ದರೆ, ತೊಂದರೆ ಇದ್ದದ್ದು ಬರೀ ಹೊಗಳಿಕೆಯ ಭಾರದಲ್ಲಿ. ಅವನ್ನು ಅಳಿಸಿ, ಕೆಲಸ ಮುಗಿಯಿತು. ಅವುಗಳಿಲ್ಲದೆ ಪಾತ್ರವೇ ಮಾಯವಾದರೆ, ನೀವು ಇನ್ನೂ ಪಾತ್ರ ಬರೆದಿಲ್ಲ, ಅವನಿಗೊಂದು ಪ್ರಶಸ್ತಿಪತ್ರ ಬರೆದಿದ್ದೀರಿ. ಮುಂದಿನ ಲಕ್ಷಣಕ್ಕೆ ಹೋಗಿ.

ನಾಯಕನೇ ತನ್ನ ಗುಣವನ್ನು ಹೇಳಿಕೊಳ್ಳುವ ವಾಕ್ಯಗಳಿದ್ದರೆ ಅವನ್ನಂತೂ ಯೋಚಿಸದೆ ತೆಗೆಯಿರಿ. "ನಾನು ಸುಳ್ಳು ಹೇಳುವವನಲ್ಲ" ಎಂದು ಒಬ್ಬ ಹೇಳಿದ ಕೂಡಲೇ ಓದುಗನ ಅನುಮಾನ ಎಚ್ಚರಗೊಳ್ಳುತ್ತದೆ. ಹತ್ತನೆಯ ಶತಮಾನದ ಧನಂಜಯ ದಶರೂಪಕ ಎಂಬ ತನ್ನ ಸಂಸ್ಕೃತ ನಾಟ್ಯಶಾಸ್ತ್ರ ಗ್ರಂಥದಲ್ಲಿ ಧೀರೋದಾತ್ತ, ಅಂದರೆ ಧೀರನೂ ಉದಾತ್ತನೂ ಆದ, ನಾಯಕನ ಲಕ್ಷಣ ಪಟ್ಟಿ ಮಾಡುವಾಗ ಕ್ಷಮೆ, ಗಾಂಭೀರ್ಯ, ಸ್ಥೈರ್ಯ, ದೃಢವ್ರತಗಳ ಜೊತೆಗೆ ಆತ್ಮಶ್ಲಾಘನೆ ಇಲ್ಲದಿರುವುದನ್ನೂ ಸೇರಿಸಿದ್ದಾನೆ. ಅದೇ ಪಟ್ಟಿಯಲ್ಲಿ ಮರೆಯಲ್ಲಿಟ್ಟ ಅಹಂಕಾರವೂ ಒಂದು ಲಕ್ಷಣ. ಅತ್ಯುನ್ನತ ನಾಯಕನ ವ್ಯಾಖ್ಯೆಯೊಳಗೇ, ವಿನಯದ ಹಿಂದೆ ಅಡಗಿದ ಒಂದು ಅಹಂಕಾರಕ್ಕೆ ಜಾಗ ಇದೆ ಎಂಬುದನ್ನು ಗಮನಿಸಿ. ಆದರ್ಶ ನಾಯಕನನ್ನು ಬರೆಯುತ್ತೇವೆ ಎಂದು ಹೊರಟವರು ಆ ಒಂದು ಅಂಶವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಲಕ್ಷಣ 2: ಮಾತಾಡಿದರೆ ಪ್ರವಚನದಂತಿದೆ

ಇದು ಬೇಗ ಮುಗಿಯುವ ಪರೀಕ್ಷೆ. ನಾಯಕನ ಮಾತುಗಳನ್ನಷ್ಟೇ ಗಟ್ಟಿಯಾಗಿ ಓದಿ. ಒಂದೇ ಉಸಿರಿಗೆ ನಾಲ್ಕು ವಾಕ್ಯ ದಾಟಿದ ಕಡೆ ಗುರುತು ಹಾಕಿ, ಎದುರಿಗಿದ್ದವನು ಯಾಕೆ ನಡುವೆ ಬಾಯಿ ಹಾಕಲಿಲ್ಲ ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಉತ್ತರ ಒಂದೇ: ಬರಹಗಾರ ಅವನ ಬಾಯಿ ಮುಚ್ಚಿಸಿದ್ದಾನೆ. ಅಡ್ಡ ಮಾತು ಹಾಕಿಸಿ. ನಾಯಕ ಹೇಳಬೇಕೆಂದಿದ್ದ ಕೊನೆಯ ವಾಕ್ಯ ಹೇಳಲಾಗದೆ ಉಳಿದರೆ ಇನ್ನೂ ಒಳ್ಳೆಯದು. ಎಲ್ಲೆಡೆ ಒಂದೇ ಸಮನೆ ಸರಿಯಾದ ಮಾತನ್ನೇ ಆಡುವವನು ಒಂದು ಸಲ ತಡವರಿಸಿದರೂ ಆ ಪುಟ ಉಸಿರಾಡುತ್ತದೆ.

ಲಕ್ಷಣ 3: ಮುಂದೇನು ಮಾಡುತ್ತಾನೆ ಎಂದು ಓದುಗನಿಗೆ ಮೊದಲೇ ಗೊತ್ತು, ಪುಟ ಹಾರಿಸುತ್ತಾನೆ

ಇಲ್ಲಿ ಸಮಯ ಕೊಡಿ. ಬಹುತೇಕ ದೋಷಗಳು ಸಿಗುವುದು ಇಲ್ಲೇ.

ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿ. ಮೊದಲನೆಯದರಲ್ಲಿ ನಾಯಕ ಏನಾದರೊಂದು ತೀರ್ಮಾನ ತೆಗೆದುಕೊಳ್ಳುವ ಪ್ರತಿ ಸನ್ನಿವೇಶ. ಎರಡನೆಯದರಲ್ಲಿ ಆ ಗಳಿಗೆಯಲ್ಲಿ ಅವನ ಮುಂದಿದ್ದ ಇನ್ನೊಂದು ದಾರಿ. ಮೂರನೆಯದರಲ್ಲಿ ಸರಿಯಾದ ದಾರಿ ಹಿಡಿದದ್ದರಿಂದ ಏನು ಕಳೆದುಹೋಯಿತು. ನಾಲ್ಕನೆಯದರಲ್ಲಿ ಕಳೆದುಕೊಂಡವರು ಯಾರು.

ಎರಡನೆಯ ಅಂಕಣ ಖಾಲಿಯಿದ್ದರೆ ಅವನು ಆಯ್ಕೆ ಮಾಡಿಲ್ಲ, ಕಥೆ ತಳ್ಳಿದ ಕಡೆ ಹೋಗಿದ್ದಾನೆ. ಎರಡನೆಯದು ತುಂಬಿದ್ದು ಅಲ್ಲಿರುವುದು ಯಾರಿಗೂ ಬೇಡವಾದ ದಾರಿಯಾದರೆ (ಮುದುಕಿಯನ್ನು ನೀರಿನಲ್ಲಿ ಮುಳುಗಲು ಬಿಡುವುದು, ಸ್ನೇಹಿತನನ್ನು ಕಾರಣವಿಲ್ಲದೆ ಮೋಸಗೊಳಿಸುವುದು) ಅದೂ ಖಾಲಿ ಇದ್ದಂತೆಯೇ. ಆ ಇನ್ನೊಂದು ದಾರಿ ಓದುಗನನ್ನೂ ಸೆಳೆಯುವಂತಿರಬೇಕು. "ಇಷ್ಟು ಸಣ್ಣ ವಿಷಯ, ಸಹಿ ಹಾಕಿಬಿಡಬಾರದೇ" ಎಂದು ಅವನ ಬಾಯಲ್ಲಿ ಬರಬೇಕು. ಮೂರನೆಯ ಅಂಕಣ ಉದ್ದಕ್ಕೂ ಖಾಲಿ ಇದ್ದರೆ ದೋಷ ಸಿಕ್ಕಿತು: ನಿಮ್ಮ ನಾಯಕನಿಗೆ ಒಳ್ಳೆಯತನ ಪುಕ್ಕಟೆ ಸಿಕ್ಕಿದೆ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಗೋದಾಮಿನ ಗುಮಾಸ್ತನೊಬ್ಬ ಸುಳ್ಳು ಬಿಲ್ಲಿಗೆ ಸಹಿ ಹಾಕಲು ಒಪ್ಪುವುದಿಲ್ಲ. ಮೊದಲ ಕರಡಿನಲ್ಲಿ ಅದು ಹೀಗಿದೆ ಎಂದುಕೊಳ್ಳಿ:

"ಅವನು ಬಿಲ್ಲನ್ನು ಪಕ್ಕಕ್ಕೆ ಸರಿಸಿದ. ಪ್ರಾಮಾಣಿಕತೆ ಅವನ ರಕ್ತದಲ್ಲೇ ಇತ್ತು. ಗುತ್ತಿಗೆದಾರ ನಾಚಿಕೆಯಿಂದ ತಲೆ ತಗ್ಗಿಸಿದ. ಸಹೋದ್ಯೋಗಿಗಳು ಅವನನ್ನು ಗೌರವದಿಂದ ನೋಡಿದರು."

ಇಲ್ಲಿ ಸಹಿ ಹಾಕದಿದ್ದವನಿಗೆ ಗೌರವ ಸಿಕ್ಕಿತು, ಹಾಕಿದ್ದರೆ ಅವಮಾನ ಸಿಗುತ್ತಿತ್ತು. ಹಾಗಾದರೆ ಸಹಿ ಹಾಕದಿರುವುದೇ ಲಾಭದ ದಾರಿ, ಅದಕ್ಕೆ ಧೈರ್ಯ ಬೇಕಿಲ್ಲ. ಈಗ ಬೆಲೆಯನ್ನು ಒಳಗೆ ತನ್ನಿ:

"ಅವನು ಬಿಲ್ಲನ್ನು ಪಕ್ಕಕ್ಕೆ ಸರಿಸಿದ. ಗುತ್ತಿಗೆದಾರ ಹೊರಗೆ ಹೋಗಿ ಲಾರಿಯವನಿಗೆ ಏನೋ ಹೇಳಿದ. ಹೊರೆ ಇಳಿಸಲು ಬೆಳಿಗ್ಗೆಯಿಂದ ಕಾದಿದ್ದ ಹಮಾಲರು ಒಬ್ಬೊಬ್ಬರಾಗಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದರು. ಕೂಲಿ ಇಲ್ಲ. ಅವರಲ್ಲೊಬ್ಬ ಬಾಗಿಲ ಬಳಿ ಬಂದು, 'ಸ್ವಾಮಿ, ಒಂದು ಸಹಿ ತಾನೇ?' ಎಂದ. ಗುಮಾಸ್ತ ಲೆಡ್ಜರಿನಿಂದ ತಲೆ ಎತ್ತಲಿಲ್ಲ."

ಗುಮಾಸ್ತನಿಗೆ ಯಾವ ದುರ್ಗುಣವನ್ನೂ ಸೇರಿಸಿಲ್ಲ. ಅವನು ಮಾಡಿದ್ದು ಮೊದಲಿನಷ್ಟೇ ಸರಿ. ಆದರೆ ಆ ಸರಿಗೆ ಬೇರೆಯವರು ದಿನಗೂಲಿ ತೆತ್ತರು, ಅದು ಅವನಿಗೂ ಗೊತ್ತು, ತಲೆ ಎತ್ತದಿರುವುದು ಹೇಳುವುದು ಅದನ್ನೇ. ನಾಲ್ಕನೆಯ ಅಂಕಣ ಹಾಕಿದ್ದು ಇದಕ್ಕಾಗಿ. ಬೆಲೆಯನ್ನು ನಾಯಕನೊಬ್ಬನೇ ಹೊತ್ತರೆ ಅವನು ಹುತಾತ್ಮನಾಗುತ್ತಾನೆ, ಓದುಗ ದೂರದಿಂದ ಕೈಮುಗಿಯುತ್ತಾನೆ. ತಪ್ಪು ಮಾಡದ ಬೇರೆಯವರ ಮೇಲೆ ಅದು ಬಿದ್ದಾಗ ಓದುಗನಿಗೂ ಪಕ್ಷ ವಹಿಸಲು ಕಷ್ಟವಾಗುತ್ತದೆ. ಆ ಕಷ್ಟವೇ ನಂಬಿಕೆ.

ಲೋಪವೇ ಇಲ್ಲದ ನಾಯಕ ಹೇಗೆ ನಿಲ್ಲುತ್ತಾನೆ ಎಂಬುದಕ್ಕೆ ಹರಿಶ್ಚಂದ್ರನಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ರಾಘವಾಂಕ ಅವನಿಗೆ ಸುಳ್ಳಿನ ಒಂದು ಚುಕ್ಕೆಯನ್ನೂ ಇಟ್ಟಿಲ್ಲ. ಆದರೂ ಓದುಗ ಅವನನ್ನು ಬಿಡುವುದಿಲ್ಲ. ಅವನ ಸತ್ಯದ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ರಾಜ್ಯ, ಹೆಂಡತಿ ಮಗನ ಮಾರಾಟ, ತನ್ನ ಮಾರಾಟ, ಸುಡುಗಾಡಿನ ಕಾವಲು, ಸತ್ತ ಸ್ವಂತ ಮಗನನ್ನು ಸುಡಲು ಬಂದ ಹೆಂಡತಿಯಿಂದಲೇ ಸುಂಕ ಕೇಳುವುದು, ಕೊನೆಗೆ ಅವಳ ಕೊರಳಿಗೇ ಕತ್ತಿ ಎತ್ತುವುದು. ಒಂದು ಮಾತಿಗೆ ಬಾಗಿದರೆ ಇದೆಲ್ಲ ತಪ್ಪುತ್ತದೆ ಎಂಬ ಬಾಗಿಲು ತೆರೆದೇ ಇರುತ್ತದೆ. ಮೇಲಿನ ಅಂಕಣಗಳಲ್ಲಿ ಈ ಕಥೆಯನ್ನು ತುಂಬಿ ನೋಡಿ, ಒಂದೂ ಖಾಲಿ ಉಳಿಯುವುದಿಲ್ಲ. ಮುಖ್ಯವಾಗಿ ನಾಲ್ಕನೆಯದು: ಚಂದ್ರಮತಿ ಮತ್ತು ಮಗು ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ.

ರಿಪೇರಿ ಮಾಡುವ ಕ್ರಮ: ಮೂರನೆಯ ಅಂಕಣ ಖಾಲಿಯಿರುವ ಸನ್ನಿವೇಶಗಳಲ್ಲಿ ಒಂದನ್ನು ಆರಿಸಿ, ಸಾಧ್ಯವಾದಷ್ಟು ಕಥೆಯ ಮೊದಲ ಕಾಲುಭಾಗದೊಳಗಿನದು. ಅದಕ್ಕೆ ಒಂದು ನಷ್ಟ ಕೊಡಿ, ಆ ನಷ್ಟ ಮುಂದಿನ ಅಧ್ಯಾಯದಲ್ಲಿ ಸರಿಹೋಗದಂತೆ ನೋಡಿಕೊಳ್ಳಿ. ಇಲ್ಲೇ ಬಹಳ ಜನ ಎಡವುತ್ತಾರೆ. ಐದನೆಯ ಅಧ್ಯಾಯದಲ್ಲಿ ಕೆಲಸ ಕಳೆದುಕೊಂಡವನಿಗೆ ಆರನೆಯದರಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತದೆ, ಬೆಲೆ ಬಡ್ಡಿ ಸಮೇತ ವಾಪಸ್. ಕಳೆದುಹೋದದ್ದರಲ್ಲಿ ಒಂದಾದರೂ ಕೊನೆಯ ಪುಟದವರೆಗೂ ಕಳೆದೇ ಇರಲಿ.

ಲಕ್ಷಣ 4: ಖಳನೇ ಹೆಚ್ಚು ಜೀವಂತ, ಉಳಿದವರೆಲ್ಲ ನಾಯಕನ ಅಭಿಮಾನಿಗಳು

ಓದುಗರು ಖಳನ ಪುಟಗಳನ್ನು ಕಾದು ಓದುತ್ತಿದ್ದರೆ ಗಾಬರಿ ಬೇಡ. ಇದು ಹಳೆಯ ಸಮಸ್ಯೆ. 941ರಲ್ಲಿ ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ವಿಕ್ರಮಾರ್ಜುನ ವಿಜಯ ಬರೆದ. ಅರ್ಜುನನನ್ನು ಎತ್ತಿ ಹಿಡಿಯುವುದೇ ಕಾವ್ಯದ ಉದ್ದೇಶ. ಅದೇ ಪಂಪ, ಭಾರತದ ಕಥೆಯಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಓದುಗರಿಗೆ ಹೇಳಿದ. ಗೆಲ್ಲಲೇಬೇಕಾದ ನಾಯಕನಿಗಿಂತ ಒಂದು ಕಡೆ ಋಣ, ಇನ್ನೊಂದು ಕಡೆ ರಕ್ತಸಂಬಂಧ ಎಳೆಯುತ್ತಿರುವವನು ಕವಿಯನ್ನೂ ಹಿಡಿದು ನಿಲ್ಲಿಸುತ್ತಾನೆ.

ಪರೀಕ್ಷೆ ಹೀಗೆ. ನಾಯಕನನ್ನು ಯಾರಾದರೂ ಕಾರಣ ಕೊಟ್ಟು ವಿರೋಧಿಸುವ ಜಾಗಗಳನ್ನು ಪಟ್ಟಿ ಮಾಡಿ. ಬೈಗುಳ, ಹೊಟ್ಟೆಕಿಚ್ಚು, ದುರಾಸೆ ಲೆಕ್ಕಕ್ಕಿಲ್ಲ. ಓದುಗ "ಇವನ ಮಾತಲ್ಲೂ ಹುರುಳಿದೆ" ಎನ್ನುವಂಥ ಕಾರಣ ಬೇಕು. ಇಡೀ ಕಾದಂಬರಿಯಲ್ಲಿ ಅಂಥದ್ದು ಒಂದೂ ಸಿಗದಿದ್ದರೆ ನಾಯಕ ಯಾರ ಎದುರೂ ನಿಂತಿಲ್ಲ ಎಂದರ್ಥ.

ಮೊದಲ ರಿಪೇರಿ ಅಗ್ಗದ್ದು. ನಾಯಕನನ್ನು ಮೆಚ್ಚುವ ಪಾತ್ರಗಳಲ್ಲಿ ಒಂದನ್ನು ಆರಿಸಿ. ಅಕ್ಕ, ಗೆಳೆಯ, ಹೆಂಡತಿ, ಹಳೆಯ ಮೇಷ್ಟ್ರು ಯಾರಾದರೂ ಆಗಬಹುದು. ಅವರು ಅವನನ್ನು ಪ್ರೀತಿಸುತ್ತಲೇ ಅವನಿಂದ ದಣಿದಿರಲಿ. ಸದಾ ಸರಿಯಾಗಿರುವವನ ಜೊತೆ ಬಾಳುವುದು ಸುಲಭವಲ್ಲ. ಅವನ ಮುಂದೆ ತಮ್ಮ ಸಣ್ಣ ಸುಳ್ಳುಗಳನ್ನು ಮುಚ್ಚಿಟ್ಟುಕೊಂಡು ಓಡಾಡಬೇಕಾಗುತ್ತದೆ, ಜಗಳದಲ್ಲಿ ಗೆಲ್ಲುವ ಆಸೆಯನ್ನೇ ಬಿಡಬೇಕಾಗುತ್ತದೆ. ಮನೆಯೊಳಗಿನ ಈ ಆಯಾಸವನ್ನು ಎರಡು ಪುಟ ಬರೆದರೆ ನಾಯಕನ ಸುತ್ತ ಗಾಳಿಯಾಡುತ್ತದೆ. ಅವನನ್ನು ಮುಟ್ಟದೆಯೇ ಅವನನ್ನು ತಿದ್ದಿದಂತಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೈಪಿಡಿಯಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವ ಕೆಲಸ ಇದೇ.

ಎರಡನೆಯ ರಿಪೇರಿ: ಖಳನ ವಾದವನ್ನು ಐದು ವಾಕ್ಯದಲ್ಲಿ, ಅವನ ಕಡೆಯ ವಕೀಲನಂತೆ ಬರೆಯಿರಿ. ಬರೆಯಲು ಬರದಿದ್ದರೆ ಅವನನ್ನು ನೀವು ಇನ್ನೂ ಅರಿತಿಲ್ಲ. ಬರೆದದ್ದರಲ್ಲಿ ಕನಿಷ್ಠ ಎರಡು ವಾಕ್ಯ ಕಾದಂಬರಿಯೊಳಗೆ, ನಾಯಕ ತಕ್ಷಣ ಉತ್ತರ ಕೊಡಲಾರದ ಜಾಗದಲ್ಲಿ ಬರಲಿ.

ಎಚ್ಚರಿಕೆ: ನಾಯಕನನ್ನು ಎತ್ತಲು ಸುತ್ತಲಿನವರನ್ನು ದಡ್ಡರನ್ನಾಗಿ ಮಾಡಿದ್ದೀರಾ ಎಂದೂ ನೋಡಿ. ಎಲ್ಲರಿಗೂ ಕಾಣುವ ಸುಳಿವು ಅವನೊಬ್ಬನಿಗೇ ಕಂಡರೆ ಓದುಗನಿಗೆ ಅವನ ಬುದ್ಧಿ ಕಾಣುವುದಿಲ್ಲ, ನಿಮ್ಮ ಕೈ ಕಾಣುತ್ತದೆ.

ಲಕ್ಷಣ 5: ದೌರ್ಬಲ್ಯ ಸೇರಿಸಿಯಾಯಿತು, ಆದರೂ ನಂಬುತ್ತಿಲ್ಲ

ಸಿಗರೇಟು, ಕುಡಿತ, ಸಿಡುಕು, ಬಾಲ್ಯದ ಆಘಾತ ಎಲ್ಲ ಬಂದಿದೆ. ಆದರೂ ನಾಯಕ ಗೊಂಬೆಯಂತಿದ್ದಾನೆ. ಅಳಿಸುವ ಪರೀಕ್ಷೆ ಮಾಡಿ: ಆ ದೌರ್ಬಲ್ಯ ಬರುವ ಸಾಲುಗಳನ್ನೆಲ್ಲ ಕರಡಿನಿಂದ ತೆಗೆದು, ಅಧ್ಯಾಯಗಳ ಸಾರಾಂಶವನ್ನು ಮತ್ತೆ ಬರೆಯಿರಿ. ಸಾರಾಂಶದಲ್ಲಿ ಒಂದು ಘಟನೆಯೂ ಬದಲಾಗದಿದ್ದರೆ ಅದು ಅಂಟಿಸಿದ ದೌರ್ಬಲ್ಯ. ಅದು ಕಥೆಯನ್ನು ಎಲ್ಲೂ ತಿರುಗಿಸಿಲ್ಲ.

ಹೊರಗಿನಿಂದ ತಂದ ದೌರ್ಬಲ್ಯ ಹೇಗಿರುತ್ತದೆ ಎಂಬುದನ್ನು ಸೂಪರ್‌ಮ್ಯಾನ್ ತೋರಿಸುತ್ತಾನೆ. 1938ರಲ್ಲಿ ಕಾಮಿಕ್ಸ್‌ಗೆ ಬಂದ ಅವನ ಕಥೆಯೊಳಗೆ ಕ್ರಿಪ್ಟೊನೈಟ್ ಬಂದದ್ದು 1943ರ ರೇಡಿಯೊ ಧಾರಾವಾಹಿಯಲ್ಲಿ, ಕಾಮಿಕ್ಸ್ ಪುಟಗಳಿಗೆ ಬಂದದ್ದು 1949ರಲ್ಲಿ. ಆ ಕಲ್ಲು ಅವನ ಮೈಯ ಬಲವನ್ನು ಕುಗ್ಗಿಸುತ್ತದೆ, ಅವನ ತೀರ್ಮಾನಗಳನ್ನಲ್ಲ. ಸಾಹಸದ ಕಥೆಗೆ ಅಪಾಯ ಹುಟ್ಟಿಸಲು ಅಷ್ಟು ಸಾಕು. ಮನುಷ್ಯನ ಅಳತೆಯ ಕಾದಂಬರಿಗೆ ಸಾಲದು.

ಅಲ್ಲಿ ಬೇಕಾಗಿರುವುದು ಗುಣದೊಳಗಿಂದಲೇ ಹುಟ್ಟಿದ ತಪ್ಪು. ಧರ್ಮರಾಯ ಪಗಡೆಗೆ ಕೂತದ್ದನ್ನು ನೋಡಿ. ಆಟದ ಹುಚ್ಚು ಇದ್ದದ್ದು ಹೌದು. ಆದರೆ ಅವನು ಹೊರಟದ್ದು ಕರೆದರೆ ಹಿಂದೆಗೆಯಬಾರದು ಎಂಬ ವ್ರತದಿಂದ, ದೊಡ್ಡಪ್ಪ ಧೃತರಾಷ್ಟ್ರನ ಮಾತು ಮೀರಬಾರದು ಎಂಬ ವಿಧೇಯತೆಯಿಂದ. ಅವನ ಒಳ್ಳೆಯತನವೇ ಅವನನ್ನು ಆ ಸಭೆಗೆ ನಡೆಸಿಕೊಂಡು ಹೋಯಿತು, ಬೆಲೆ ತೆತ್ತವಳು ದ್ರೌಪದಿ. ಮುಂದೆ ಯುದ್ಧದಲ್ಲಿ, ಅಶ್ವತ್ಥಾಮ ಸತ್ತನೆಂದು ದ್ರೋಣನಿಗೆ ಅರೆಸುಳ್ಳು ಹೇಳಿದಾಗ, ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥ ನೆಲ ಮುಟ್ಟಿತು ಎನ್ನುತ್ತದೆ ಮಹಾಭಾರತ. ಕಥೆ ಕುಗ್ಗಿಸಿದ್ದು ನಾಲ್ಕೇ ಅಂಗುಲ. ಆದರೆ ಆ ತಪ್ಪನ್ನು ಅಳಿಸಿದರೆ ದ್ರೋಣ ಆಯುಧ ಕೆಳಗಿಡುವುದಿಲ್ಲ, ಯುದ್ಧದ ದಿಕ್ಕೇ ಬೇರೆಯಾಗುತ್ತದೆ. ಅಳಿಸುವ ಪರೀಕ್ಷೆಯಲ್ಲಿ ಗೆಲ್ಲುವ ದೌರ್ಬಲ್ಯ ಎಂದರೆ ಇದು.

ಅರಿಸ್ಟಾಟಲ್ ಕೂಡ ಕಾವ್ಯಮೀಮಾಂಸೆಯ ಹದಿಮೂರನೆಯ ಅಧ್ಯಾಯದಲ್ಲಿ ಇದೇ ಜಾಗಕ್ಕೆ ಬರುತ್ತಾನೆ. ಪೂರ್ತಿ ಸಜ್ಜನನೊಬ್ಬ ಸುಖದಿಂದ ದುಃಖಕ್ಕೆ ಬೀಳುವುದನ್ನು ತೋರಿಸಿದರೆ ಭಯವೂ ಕರುಣೆಯೂ ಹುಟ್ಟುವುದಿಲ್ಲ, ಬರೀ ಜುಗುಪ್ಸೆ ಎನ್ನುತ್ತಾನೆ. ಅವನು ಸೂಚಿಸುವುದು ನಡುವಿನವನನ್ನು: ನೀಚತನದಿಂದಲ್ಲ, ಒಂದು ತಪ್ಪು ಹೆಜ್ಜೆಯಿಂದ ಬೀಳುವವನನ್ನು. ಹರಿಶ್ಚಂದ್ರನ ಕಥೆ ಈ ಮಾತಿಗೆ ಒಗ್ಗದು ಎಂದು ನೀವು ಕೇಳಬಹುದು, ಕೇಳಲೇಬೇಕು. ಅವನು ಬೀಳುವುದು ಅಕಸ್ಮಾತ್ತಾಗಿ ಅಲ್ಲ. ಪ್ರತಿ ಮೆಟ್ಟಿಲನ್ನೂ ತಾನೇ ಆರಿಸಿಕೊಂಡು ಇಳಿಯುತ್ತಾನೆ. ಆದ್ದರಿಂದ ಅಲ್ಲಿ ಜುಗುಪ್ಸೆಯ ಜಾಗಕ್ಕೆ ಬೇರೊಂದು ಭಾವ ಬರುತ್ತದೆ. ನಿಮ್ಮ ನಾಯಕ ಪೂರ್ತಿ ನಿರ್ದೋಷಿಯಾಗಿರಲೇಬೇಕು ಎಂದಿದ್ದರೆ, ಅವನ ಪ್ರತಿ ನಷ್ಟವೂ ಅವನ ಆಯ್ಕೆಯಿಂದಲೇ ಬಂದಿರಲಿ. ಅಪಘಾತ, ರೋಗ, ಬೇರೆಯವರ ಪಿತೂರಿಯಿಂದಲೇ ಬರುವ ಸರಣಿ ದುಃಖ ಅವನನ್ನು ನಂಬಿಸುವುದಿಲ್ಲ.

ಗುಣದೊಳಗಿನ ತಪ್ಪು ಹುಡುಕಲು ಹೀಗೆ ಕೇಳಿಕೊಳ್ಳಿ: ಇವನ ಮುಖ್ಯ ಗುಣ ಯಾರಿಗೆ ಹಿಂಸೆ? ದಾನಿ ತನ್ನದಲ್ಲದ್ದನ್ನೂ ಕೊಟ್ಟುಬಿಡುತ್ತಾನೆ, ಮನೆಯವರ ಪಾಲನ್ನು. ತಾಳ್ಮೆಯವನು ಬೇರೆಯವರಿಗೆ ಆಗಬೇಕಾದ ನ್ಯಾಯವನ್ನೂ ತಡ ಮಾಡುತ್ತಾನೆ. ಎಲ್ಲರನ್ನೂ ನಂಬುವವನು ತನ್ನನ್ನು ನಂಬಿದವರನ್ನೂ ಮೋಸಗಾರನ ಕೈಗೆ ಒಪ್ಪಿಸುತ್ತಾನೆ. ಉತ್ತರ ಸಿಕ್ಕ ಮೇಲೆ ಹೊರಗಿನಿಂದ ತಂದು ಅಂಟಿಸಿದ್ದನ್ನು ಕಿತ್ತುಹಾಕಿ.

ಇನ್ನೊಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂಗವೈಕಲ್ಯ, ಮಾನಸಿಕ ಕಾಯಿಲೆ, ಬಡತನ, ಜಾತಿ, ಮೈಬಣ್ಣ ಇವು ದೌರ್ಬಲ್ಯದ ಪಟ್ಟಿಗೆ ಸೇರುವಂಥವಲ್ಲ. ಅವನ್ನು ನಾಯಕನ "ಕೊರತೆ" ಎಂದು ಬಳಸಿದರೆ ಪಾತ್ರವೂ ಸುಳ್ಳಾಗುತ್ತದೆ, ಹಾಗೆ ಬದುಕುತ್ತಿರುವ ಓದುಗರಿಗೂ ಪೆಟ್ಟು ಬೀಳುತ್ತದೆ. ಓದುಗನ ಗಮನ ಸೆಳೆಯಲು ನಾಯಕನ ಕೈಯಿಂದ ಹೆಂಡತಿಗೆ ಏಟು ಕೊಡಿಸಿ, ಆಮೇಲೆ ಅದನ್ನು "ಮನುಷ್ಯ ಸಹಜ" ಎಂದು ದಾಟಿಸುವುದೂ ಅದೇ ಬಗೆಯ ಅಪಾಯ. ಕ್ರೌರ್ಯ ಬಂದರೆ ಅದರ ಪರಿಣಾಮ ಪೂರ್ತಿ ಬರಬೇಕು.

ಲಕ್ಷಣ 6: ಎಲ್ಲ ಸರಿಯಿದೆ, ಆದರೂ ಓದುಗ ಹತ್ತಿರ ಬರುತ್ತಿಲ್ಲ

ಬೆಲೆ ಇದೆ, ವಿರೋಧ ಇದೆ, ಅಂಟಿಸಿದ್ದು ಏನೂ ಇಲ್ಲ. ಆದರೂ ತಣ್ಣಗಿದೆ. ಈಗ ನೋಡಬೇಕಾದ್ದು ಕಥೆಯನ್ನು ಯಾರ ಕಣ್ಣಿನಿಂದ ಹೇಳಿದ್ದೀರಿ ಎಂಬುದನ್ನು. ಇಲ್ಲಿಂದ ಮುಂದಿನ ರಿಪೇರಿ ದುಬಾರಿ, ಮೇಲಿನವನ್ನೆಲ್ಲ ಮುಗಿಸದೆ ಇದಕ್ಕೆ ಕೈ ಹಾಕಬೇಡಿ.

ನಿರ್ದೋಷಿ ನಾಯಕನ ತಲೆಯೊಳಗೇ ಕೂತು ಕಥೆ ಹೇಳುವುದು ಎಲ್ಲಕ್ಕಿಂತ ಕಷ್ಟ. ಒಳಗೆ ಹೋದ ಮೇಲೆ ಅಲ್ಲಿ ಆಸೆ, ಹೊಟ್ಟೆಕಿಚ್ಚು, ಸುಸ್ತು, ಒಂದು ಕ್ಷಣದ ಹಿಂಜರಿಕೆ ಏನಾದರೂ ಸಿಗಲೇಬೇಕು. ಸಿಗದಿದ್ದರೆ ಓದುಗ ಬರಹಗಾರ ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಹೊರಗಿನಿಂದ ನೋಡಿದಾಗ ಅದೇ ಮೌನ ಘನತೆಯಾಗಿ ಕಾಣುತ್ತದೆ. 1960ರಲ್ಲಿ ಬಂದ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯ ವಕೀಲ ಆಟಿಕಸ್ ಫಿಂಚ್‌ನಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಅವನನ್ನು ನೋಡುತ್ತಿರುವುದು ಅವನ ಪುಟ್ಟ ಮಗಳು. ಅಪ್ಪ ಹಾಗೆ ಕಾಣುವುದು ಮಗುವಿನ ಕಣ್ಣಿಗೆ ಸಹಜ. ಜೊತೆಗೆ ಅವನು ನ್ಯಾಯಾಲಯದಲ್ಲಿ ಸೋಲುತ್ತಾನೆ.

ಪರೀಕ್ಷೆಗೆ ಒಂದೇ ಅಧ್ಯಾಯ ಸಾಕು. ಅದನ್ನು ನಾಯಕನಿಗೆ ಹತ್ತಿರವಿರುವ, ಆದರೆ ಅವನಂತೆ ಇಲ್ಲದ ಯಾರಾದರೊಬ್ಬರ ಕಣ್ಣಿನಿಂದ ಮತ್ತೆ ಬರೆಯಿರಿ. ತಮ್ಮನಿರಬಹುದು, ಕೈಕೆಳಗಿನ ನೌಕರನಿರಬಹುದು, ಅವನಿಂದ ಉಪಕಾರ ಪಡೆದು ಅದರ ಭಾರದಲ್ಲಿ ಬೇಯುತ್ತಿರುವವರು ಇರಬಹುದು. ಹೊಸ ಅಧ್ಯಾಯ ಎದ್ದು ನಿಂತರೆ ದೋಷ ದೃಷ್ಟಿಕೋನದ್ದು. ಇಡೀ ಕಾದಂಬರಿ ಮತ್ತೆ ಬರೆಯಬೇಕೋ, ನಡುನಡುವೆ ಆ ಕಣ್ಣಿಗೆ ಕೆಲವು ಅಧ್ಯಾಯ ಕೊಟ್ಟರೆ ಸಾಕೋ ಎಂಬುದನ್ನು ಆಮೇಲೆ ತೀರ್ಮಾನಿಸಿ. ಹಳೆಯದೇ ಚೆನ್ನಾಗಿತ್ತು ಅನ್ನಿಸಿದರೆ ಒಳಗೇ ಇರಿ, ಹಿಂಜರಿಕೆಯನ್ನು ಬರೆಯಿರಿ. ಸರಿಯಾದ ಕೆಲಸ ಮಾಡುವ ಮುನ್ನ ಅವನು ತಪ್ಪಾದದ್ದನ್ನು ಎಷ್ಟು ಹೊತ್ತು, ಎಷ್ಟು ವಿವರವಾಗಿ ಯೋಚಿಸಿದ ಎಂಬುದು ಪುಟದ ಮೇಲೆ ಬರಲಿ.

ಈ ಕೆಲಸದ ಕಷ್ಟ ದೊಡ್ಡವರಿಗೂ ಗೊತ್ತಿತ್ತು. 1868ರ ಜನವರಿಯಲ್ಲಿ ರಷ್ಯನ್ ಕಾದಂಬರಿಕಾರ ದಾಸ್ತೋವ್‌ಸ್ಕಿ ತನ್ನ ತಂಗಿಯ ಮಗಳಿಗೆ ಬರೆದ ಪತ್ರದಲ್ಲಿ, ಪೂರ್ಣವಾಗಿ ಸುಂದರ ಮನಸ್ಸಿನ ಮನುಷ್ಯನೊಬ್ಬನನ್ನು ಚಿತ್ರಿಸುವುದೇ ತನ್ನ ಕಾದಂಬರಿಯ ಮುಖ್ಯ ವಿಚಾರ, ಅದಕ್ಕಿಂತ ಕಷ್ಟದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂದು ಹೇಳಿಕೊಂಡಿದ್ದಾನೆ. ಸರ್ವಾಂಟೆಸ್‌ನ ಕಾದಂಬರಿಯ ನಾಯಕ ಡಾನ್ ಕ್ವಿಕ್ಸಾಟ್ ಸುಂದರನಾಗಿ ಕಾಣುವುದು ಅವನು ಹಾಸ್ಯಾಸ್ಪದನೂ ಆಗಿರುವುದರಿಂದಲೇ ಎಂದೂ ಅಲ್ಲಿ ಗುರುತಿಸುತ್ತಾನೆ. ದಾಸ್ತೋವ್‌ಸ್ಕಿ ಆಗ ಬರೆಯುತ್ತಿದ್ದ 'ದಿ ಈಡಿಯಟ್' ಕಾದಂಬರಿಯ ರಾಜಕುಮಾರ ಮಿಶ್ಕಿನ್ ಯಾರಿಗೂ ಕೇಡು ಬಯಸುವುದಿಲ್ಲ. ಆದರೆ ಇಬ್ಬರು ಹೆಂಗಸರ ನಡುವೆ ಅವನ ಕರುಣೆ ಯಾರನ್ನೂ ಕಾಪಾಡುವುದಿಲ್ಲ. ಒಬ್ಬಳು ಕೊಲೆಯಾಗುತ್ತಾಳೆ, ಅವನ ಬುದ್ಧಿಯೂ ಕದಡಿಹೋಗುತ್ತದೆ. ದಾಸ್ತೋವ್‌ಸ್ಕಿ ಅವನಿಗೆ ದುರ್ಗುಣ ಕೊಡಲಿಲ್ಲ. ಒಳ್ಳೆಯತನವನ್ನು ತಾಳಲಾರದ ಮನುಷ್ಯರ ನಡುವೆ ಅವನನ್ನು ಬಿಟ್ಟ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಒಂದೇ ಅಧ್ಯಾಯವನ್ನು ಮೂರು ಸಲ ತಿದ್ದಿಯೂ ಯಾವ ಕರಡು ಉತ್ತಮ ಎಂದು ಹೇಳಲು ಆಗದಿದ್ದರೆ ಪೆನ್ನು ಕೆಳಗಿಡಿ. ನಿಮ್ಮ ಕಣ್ಣು ಆ ಪುಟಕ್ಕೆ ಒಗ್ಗಿಹೋಗಿದೆ, ಇನ್ನು ತಿದ್ದಿದರೆ ಕೆಡಿಸುತ್ತೀರಿ. ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಓದಲು ಕೊಡಿ, ಸಾಧ್ಯವಾದರೆ ಅವರಲ್ಲೊಬ್ಬರು ಬರಹಗಾರರಲ್ಲದಿರಲಿ. "ನಾಯಕ ಹೇಗಿದ್ದಾನೆ?" ಎಂದು ಕೇಳಬೇಡಿ, ಮರ್ಯಾದೆಗೆ "ಚೆನ್ನಾಗಿದ್ದಾನೆ" ಎಂದುಬಿಡುತ್ತಾರೆ. ಹೀಗೆ ಕೇಳಿ: ಯಾವ ಪುಟದಲ್ಲಿ ಓದು ನಿಲ್ಲಿಸಬೇಕೆನಿಸಿತು? ಅವನಿಗೆ ಏನಾದರೂ ಆಗಿಬಿಡುತ್ತದೆ ಎಂದು ಎಲ್ಲಿ ಹೆದರಿದಿರಿ? ಎಲ್ಲಿ ಅವನ ಮೇಲೆ ಸಿಟ್ಟು ಬಂತು? ಇಬ್ಬರೂ ಒಂದೇ ಪುಟ ತೋರಿಸಿದರೆ ದೋಷ ಆ ಜಾಗದ್ದು, ಅದನ್ನಷ್ಟೇ ತಿದ್ದಿ. ಹೆದರಿದ ಜಾಗವೂ ಸಿಟ್ಟು ಬಂದ ಜಾಗವೂ ಇಬ್ಬರಿಗೂ ಒಂದೂ ಇಲ್ಲದಿದ್ದರೆ ದೋಷ ಕಥೆಯ ಬುನಾದಿಯಲ್ಲಿದೆ, ಲಕ್ಷಣ 3ರ ಅಂಕಣಗಳಿಗೆ ಹಿಂತಿರುಗಿ. ಅಲ್ಲಿಗೂ ಬಗೆಹರಿಯದಿದ್ದರೆ ಅನುಭವಿ ಸಂಪಾದಕರಿಗೆ ತೋರಿಸುವ ಹೊತ್ತು ಬಂದಿದೆ. ಕೊಡುವಾಗ ಕರಡಿನ ಜೊತೆಗೆ ಅಂಕಣಗಳ ಪುಟವನ್ನೂ ಕೊಡಿ, ಅವರ ಅರ್ಧ ಸಮಯ ಉಳಿಯುತ್ತದೆ.

ನಾಯಕ ನಿಜವಾಗಿ ಬದುಕಿರುವ ಅಥವಾ ಈಚೆಗೆ ತೀರಿಕೊಂಡ ವ್ಯಕ್ತಿಯ ನೆರಳಾಗಿದ್ದರೆ ಈ ಕೈಪಿಡಿಯ ರಿಪೇರಿಗಳನ್ನು ನೇರವಾಗಿ ಬಳಸಬೇಡಿ. ನಂಬಿಕೆ ಹುಟ್ಟಿಸಲೆಂದು ನೀವು ಕಲ್ಪಿಸಿದ ತಪ್ಪು ಆ ವ್ಯಕ್ತಿಯ ಮೇಲಿನ ಆರೋಪವಾಗಿ ಓದಿಸಿಕೊಳ್ಳಬಹುದು, ಮಾನಹಾನಿ ಮೊಕದ್ದಮೆಗೂ ಹೋಗಬಹುದು. ಪ್ರಕಟಣೆಗೆ ಮುನ್ನ ಕಾನೂನು ಬಲ್ಲವರನ್ನು ಕೇಳಿ, ಮನೆಯವರ ಜೊತೆಗೂ ಮಾತಾಡಿ.

ರಿಪೇರಿ ಆದ ಮೇಲೆ

ಬದಲಿಸಿದ ತೀರ್ಮಾನ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಗುಮಾಸ್ತ ಸಹಿ ಹಾಕದ್ದಕ್ಕೆ ಹಮಾಲರು ಕೂಲಿ ಕಳೆದುಕೊಂಡರೆ, ಒಂಬತ್ತನೆಯದರಲ್ಲಿ ಅದೇ ಹಮಾಲ ಅವನಿಗೆ ನಗುತ್ತಾ ದಾರಿ ತೋರಿಸುವಂತಿಲ್ಲ. ನಾಯಕನನ್ನು ಭೇಟಿಯಾಗುವ ಪ್ರತಿ ಪಾತ್ರಕ್ಕೂ ಅವನ ಬಗ್ಗೆ ಈಗ ಏನು ಗೊತ್ತು ಎಂದು ಪಕ್ಕದಲ್ಲಿ ಬರೆದುಕೊಂಡು ಹೋಗಿ, ಹಳೆಯ ಕರಡಿನ ಮರ್ಯಾದೆಯೇ ಇನ್ನೂ ಉಳಿದಿರುವ ಸಂಭಾಷಣೆಗಳನ್ನು ತಿದ್ದಿ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ 1927ರಲ್ಲಿ ದುಂಡು ಪಾತ್ರಕ್ಕೆ (ಒಂದೇ ಗುಣಕ್ಕೆ ಸೀಮಿತವಾಗದ, ಹಲವು ಮುಖಗಳಿರುವ ಪಾತ್ರಕ್ಕೆ) ಕೊಟ್ಟ ಪರೀಕ್ಷೆಯನ್ನು ಕೊನೆಗೆ ಹಾಕಬಹುದು: ಅವನು ನಂಬುವಂಥ ರೀತಿಯಲ್ಲಿ ನಮ್ಮನ್ನು ಒಮ್ಮೆಯಾದರೂ ಅಚ್ಚರಿಗೊಳಿಸುತ್ತಾನೆಯೇ? ಅಚ್ಚರಿಯಾಗಿ ನಂಬಿಕೆ ಬಾರದಿದ್ದರೆ ಹಿಂದಿನ ಅಧ್ಯಾಯಗಳಲ್ಲಿ ಸುಳಿವು ಸಾಲದು, ಒಂದೆರಡು ಸೇರಿಸಿ. ಅಚ್ಚರಿಯೇ ಆಗದಿದ್ದರೆ ಎರಡನೆಯ ಅಂಕಣವನ್ನು ಮತ್ತೊಮ್ಮೆ ತೆರೆದು, ಅವನು ಹಿಡಿಯದೆ ಬಿಟ್ಟ ದಾರಿಗಳಲ್ಲಿ ಯಾವುದು ಅವನನ್ನು ನಿಜವಾಗಿ ಸೆಳೆದಿತ್ತು ಎಂದು ಹುಡುಕಿ.